ಒಂದು ಡಿಸ್ಕ್ ದೊಡ್ಡದು ಹಾಕಿದರೆ ಜಾಗ ಜಾಸ್ತಿ ಆಗುತ್ತಾ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮ ಫೋಟೊ ಸ್ಟುಡಿಯೋ. ಸ್ಟೋರೇಜ್ ಸರ್ವರ್‌ನಲ್ಲಿ 4 ಟಿಬಿಯ ನಾಲ್ಕು ಡಿಸ್ಕ್, ರೇಡ್ 5. ತುಂಬಿಹೋಗಿದೆ. ಒಂದು 16 ಟಿಬಿ ಡಿಸ್ಕ್ ಹಾಕಿದರೆ ಸಾಕಾ? ರೇಡ್ ಇದೆ, ಡೇಟಾಗೆ ಭಯ ಇಲ್ಲ ಅಲ್ವಾ?

ಸಾಕಾಗಲ್ಲ. ರೇಡ್ ಅಂದರೆ ಹಲವು ಡಿಸ್ಕನ್ನು ಸೇರಿಸಿ ಒಂದಾಗಿ ನಡೆಸುವ ವ್ಯವಸ್ಥೆ. ರೇಡ್ 5ರಲ್ಲಿ ಒಂದು ಡಿಸ್ಕಿನಷ್ಟು ಜಾಗ, ಕೆಟ್ಟ ಡಿಸ್ಕಿನ ಡೇಟಾ ಮತ್ತೆ ಕಟ್ಟುವುದಕ್ಕೆ ಮೀಸಲು. ಮಾಮೂಲಿ ರೇಡ್ 5 ಎಲ್ಲ ಡಿಸ್ಕನ್ನೂ ಅತಿ ಚಿಕ್ಕದರ ಅಳತೆಗೇ ಹಿಡಿಯುತ್ತದೆ. ಈಗ ಸಿಗುತ್ತಿರುವುದು 12 ಟಿಬಿ, ಒಂದನ್ನು ಬದಲಿಸಿದ ಮೇಲೂ 12. ನಾಲ್ಕನ್ನೂ ಬದಲಿಸಿ ವಾಲ್ಯೂಮ್ (ಎಲ್ಲ ಡಿಸ್ಕೂ ಸೇರಿ ಕಾಣುವ ಒಟ್ಟು ಜಾಗ) ಹಿಗ್ಗಿಸಿದರೆ 48.

ಇನ್ನು ಆ ಎರಡನೇ ಮಾತು. ಮುಂಬೈನ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ನಿಂತು, ಫೋನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂತು ಎಷ್ಟು ಸಲ ಹೇಳಿದ್ದೇನೋ: ರೇಡ್ ಬ್ಯಾಕಪ್ ಅಲ್ಲ! ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲಬಾರದು, ಅದಿರುವುದು ಅಷ್ಟಕ್ಕೇ. ನೀವು ಕೈತಪ್ಪಿ ಒಂದು ಮದುವೆಯ ಫೋಲ್ಡರ್ ಅಳಿಸಿದರೆ ನಾಲ್ಕೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ಬಂದರೂ ಹಾಗೇ. 2005ರ ಜುಲೈ 26 ನೆನಪಿದೆಯಲ್ಲ? ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಮೀ ಮಳೆ. ಅಂಥ ನೀರು ಅಂಗಡಿಗೆ ನುಗ್ಗಿದರೆ ಒಂದೇ ಡಬ್ಬದಲ್ಲಿರುವ ನಾಲ್ಕೂ ಮುಳುಗುತ್ತವೆ.

ಬದಲಿಸುವ ಹೊತ್ತಲ್ಲಂತೂ ಅಪಾಯ ಇನ್ನೂ ಜಾಸ್ತಿ. ಹಳೇ ಡಿಸ್ಕ್ ಎಳೆದ ಕ್ಷಣದಿಂದ ರೇಡ್ 5ರ ರಕ್ಷಣೆ ಸೊನ್ನೆ. ಉಳಿದ ಮೂರನ್ನೂ ಪೂರ್ತಿ ಓದಿ ಹೊಸದನ್ನು ತುಂಬಬೇಕು, ಇದನ್ನೇ ರೀಬಿಲ್ಡ್ ಅನ್ನುವುದು. ಸೆಕೆಂಡಿಗೆ 200 ಎಂಬಿ ವೇಗ ಸಿಕ್ಕರೂ ಐದೂವರೆ ಗಂಟೆ, ಹೀಗೆ ನಾಲ್ಕು ಸಲ. ಒಮ್ಮೆ ಗೆಳೆಯನೊಬ್ಬ ರೀಬಿಲ್ಡ್ ನಡೆಯುವಾಗಲೇ ಪಕ್ಕದ ಡಿಸ್ಕಿನ ಟ್ರೇ ಎಳೆದುಬಿಟ್ಟ. ಹಸಿರು ದೀಪಗಳು ಒಂದೊಂದಾಗಿ ಕಿತ್ತಳೆ ಆದವು. ಅಂದಿನಿಂದ ನಾನು ಪ್ರತಿ ಟ್ರೇಗೂ ಬಿಳಿ ಟೇಪ್ ಅಂಟಿಸಿ, ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದಿಡುತ್ತೇನೆ.

ದೊಡ್ಡ ಡಿಸ್ಕಿಗೆ ಅದರದೇ ಬೆಲೆಯೂ ಇದೆ. ನಾಳೆ 16 ಟಿಬಿಯದು ಕೆಟ್ಟರೆ ಅದೇ ವೇಗದಲ್ಲಿ ರೀಬಿಲ್ಡ್‌ಗೆ 22 ಗಂಟೆ, ಅದೂ ಸರ್ವರ್ ಮೇಲೆ ಬೇರೆ ಕೆಲಸ ಇಲ್ಲದಿದ್ದರೆ. ನಾನಾಗಿದ್ದರೆ ರೇಡ್ 6 ಮಾಡುತ್ತೇನೆ. ಜಾಗ 32 ಟಿಬಿಗೆ ಇಳಿಯುತ್ತದೆ, ಆದರೆ ಎರಡು ಡಿಸ್ಕ್ ಕೆಟ್ಟರೂ ತಡೆಯುತ್ತದೆ.

ಹಾಗಾಗಿ ನಾಲ್ಕಲ್ಲ, ಐದು ಡಿಸ್ಕ್ ಕೊಳ್ಳಿ. ಐದನೆಯದಕ್ಕೆ ನಿಮ್ಮ 12 ಟಿಬಿಯನ್ನೂ ಕಾಪಿ ಮಾಡಿ, ನಾಲ್ಕಾರು ಫೋಲ್ಡರ್ ತೆರೆದು ನೋಡಿ. ಆಮೇಲೆ ಸರ್ವರ್ ಆಫ್ ಮಾಡಿ, ಹಳೇ ನಾಲ್ಕನ್ನೂ ಒಟ್ಟಿಗೇ ತೆಗೆದು, ಹೊಸದರಲ್ಲಿ ರೇಡ್ 6 ಕಟ್ಟಿ, ಡೇಟಾ ವಾಪಸ್ ತುಂಬಿ.

ಹಳೇ ಡಿಸ್ಕ್‌ಗಳನ್ನು ಏನು ಮಾಡೋದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಕ್ಷಣ ಮಾರಬೇಡಿ. ಆ ನಾಲ್ಕೂ ಸೇರಿದರೆ ನಿಮ್ಮ ಹಳೇ ಸರ್ವರ್ ಇದ್ದಂತೆಯೇ ಇದೆ. ಸ್ಲಾಟ್ ನಂಬರ್ ಬರೆದು ಒಂದು ತಿಂಗಳು ಕಪಾಟಿನಲ್ಲಿಡಿ. ಆಮೇಲೆ ಅಳಿಸಿ, ಮುಖ್ಯ ಮದುವೆಗಳ ಕಾಪಿ ತುಂಬಿ, ಗಣೇಶ ಚೌತಿಗೆ ಊರಿಗೆ ಹೋಗುವಾಗ ಜೊತೆಗೆ ಒಯ್ದು ಅಮ್ಮನ ಬೀರುವಿನಲ್ಲಿಟ್ಟು ಬನ್ನಿ.