ಆ ಪ್ರಿಂಟೌಟ್ ಬರೆದವರು ಯಾರು?

'ನಮ್ಮ ಹುಡುಗ ಫೋನಲ್ಲಿ ಏನು ಬೇಕಾದ್ರೂ ಹುಡುಕ್ತಾನೆ ಮೇಡಂ. ಲೈಬ್ರರಿ ಪೀರಿಯಡ್ ಯಾಕೆ, ಗಣಿತ ಮಾಡಿಸಿ.' ಚಿಕ್ಕಬಳ್ಳಾಪುರದಲ್ಲಿ ಶಾಲೆಯ ಲೈಬ್ರರಿ ನೋಡಿಕೊಳ್ಳುವ ನನಗೆ ಪೋಷಕರ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹುಡುಕೋಕೆ ಬರುತ್ತೆ, ನಿಜ. ಸಿಕ್ಕಿದ್ದನ್ನು ನಂಬಬಹುದಾ ಅಂತ ನೋಡೋಕೆ ಬರುತ್ತಾ?

ಮಕ್ಕಳನ್ನೇ ಕೇಳಿ, ನೇರವಾಗಿ ಹೇಳುತ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅಂದಳು: 'ಮೊದಲು ಬಂದಿದ್ದನ್ನೇ ಬರೀತೀವಿ ಮಿಸ್. ಸರಿನಾ ತಪ್ಪಾ ಅಂತ ಯಾರೂ ಕೇಳಲ್ಲ. ಕಲರ್ ಪ್ರಿಂಟ್ ಇದ್ರೆ ಮಾರ್ಕ್ಸ್ ಬರುತ್ತೆ.' ಹೇಗೆ ನೋಡಬೇಕು ಅಂತ ಹೇಳಿಕೊಟ್ಟರೆ ಕಲಿಯೋಕೆ ಅವರಿಗೆ ಆಸೆ ಇದೆ. ನಾನು ಕಂಡ ಮಕ್ಕಳ ಮಾತಿದು. ಪುಸ್ತಕದ ಬೀರುವೇ ಇಲ್ಲದ ಶಾಲೆಗಳ ಕಷ್ಟ ಬೇರೆ.

ಸೆಪ್ಟೆಂಬರ್ 15, ಎಂಜಿನಿಯರ್‌ಗಳ ದಿನ ಬಂದರೆ ವಿಶ್ವೇಶ್ವರಯ್ಯನವರ ಪ್ರಾಜೆಕ್ಟ್ ಇದ್ದೇ ಇರುತ್ತೆ. ಅವರು ಹುಟ್ಟಿದ ಮುದ್ದೇನಹಳ್ಳಿ ನಮಗೆ ಪಕ್ಕದ ಊರು. ಆದರೂ ಒಬ್ಬ ಕೋಲಾರ ಜಿಲ್ಲೆ ಅಂತ ಬರೆದಿದ್ದ, ಇನ್ನೊಬ್ಬ ಚಿಕ್ಕಬಳ್ಳಾಪುರ ಜಿಲ್ಲೆ ಅಂತ. ಇಬ್ಬರೂ ನನ್ನ ಟೇಬಲ್ ಮುಂದೆ ಜಗಳಕ್ಕೆ ನಿಂತರು. ಕೋಲಾರ ಅಂದವನು ನೋಡಿದ್ದು ನಮ್ಮದೇ ಲೈಬ್ರರಿಯ ಹಳೇ ಪುಸ್ತಕ. ಅಚ್ಚಾದ ವರ್ಷ ಹುಡುಕಿ ಅಂದೆ. ಅದು 2007ಕ್ಕಿಂತ ಹಿಂದಿನದು. ಕೋಲಾರದಿಂದ ನಮ್ಮ ಜಿಲ್ಲೆ ಬೇರೆಯಾಗಿದ್ದೇ 2007ರಲ್ಲಿ. 'ಹಾಗಾದ್ರೆ ಇಬ್ಬರದೂ ಸರಿನಾ ಮಿಸ್?' ಅಂತ ಕಣ್ಣರಳಿಸಿದರು.

ಹುಟ್ಟಿದ ವರ್ಷ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಕೆಲವು ಕಡೆ 1860 ಇದೆ, ಜಾಸ್ತಿ ಕಡೆ 1861. ಎರಡನ್ನೂ ಬರೆದು, ಯಾವುದು ಎಲ್ಲಿ ಸಿಕ್ಕಿತು ಅಂತ ಹಾಕಿ ಎಂದೆ. 'ಹಾಗೆ ಬರೆದ್ರೆ ಮಾರ್ಕ್ಸ್ ಕಟ್ ಆಗುತ್ತೆ ಮಿಸ್' ಅಂದ ಒಬ್ಬ. ನನಗೆ ಹೊಟ್ಟೆ ಉರಿಯೋದು ಇಲ್ಲೇ.

ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರಾದರೂ ಪರವಾಗಿಲ್ಲ. ಎಲ್ಲಿ ಸಿಕ್ಕಿತು ಅಂತ ಕೇಳಿದಾಗ 'ಗೂಗಲ್‌ನಲ್ಲಿ' ಅನ್ನೋದು ಉತ್ತರ ಅಲ್ಲ. ಪುಸ್ತಕ ಯಾರು ಬರೆದದ್ದು ಅಂದರೆ 'ಬೀರುವಿನಲ್ಲಿತ್ತು' ಅಂದ ಹಾಗೆ ಅದು. ಗೂಗಲ್ ತೋರಿಸುತ್ತೆ ಅಷ್ಟೇ, ಬರೆದವರು ಬೇರೆ ಯಾರೋ. ಯಾರು ಬರೆದರು? ಯಾವಾಗ ಬರೆದರು? ಅವರಿಗೆ ಹೇಗೆ ಗೊತ್ತಾಯ್ತು? ವಾಟ್ಸಾಪ್‌ನಲ್ಲಿ ಬಂದದ್ದಕ್ಕೂ ಇದೇ ಪ್ರಶ್ನೆ. ಉತ್ತರ ಸಿಗದಿದ್ದರೆ ಇನ್ನೊಂದು ಕಡೆ ನೋಡಬೇಕು, ಅಷ್ಟೇ ಅಲ್ವಾ?

ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ಪ್ರಾಜೆಕ್ಟಿನ 10 ಅಂಕದಲ್ಲಿ 2 ಅಂಕ, ಮಾಹಿತಿ ಎಲ್ಲಿಂದ ತಂದೆ ಅಂತ ಬರೆದದ್ದಕ್ಕೆ ಇಡಿ. 'ಎರಡು ವರ್ಷ ಸಿಕ್ಕಿತು' ಅಂತ ಬರೆದ ಮಗುವಿನ ಅಂಕ ದಯವಿಟ್ಟು ಕಟ್ ಮಾಡಬೇಡಿ.