ಸಿಪ್ಯಾಪ್ ಯಂತ್ರ ಕಪಾಟು ಸೇರುವ ಮೊದಲು

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮತ್ತೆ ಮತ್ತೆ ಮುಚ್ಚಿಕೊಳ್ಳುವ ಕಾಯಿಲೆಯೇ ಸ್ಲೀಪ್ ಆಪ್ನಿಯಾ. ಮಾಸ್ಕ್ ಮೂಲಕ ಒತ್ತಡದ ಗಾಳಿ ಹಾಯಿಸಿ ಆ ಮಾರ್ಗವನ್ನು ತೆರೆದಿಡುವ ಸಿಪ್ಯಾಪ್ ವಿಧಾನವನ್ನು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದರು. ಯಂತ್ರ ಕೆಲಸ ಮಾಡುವುದು ಹಾಕಿಕೊಂಡಷ್ಟು ಹೊತ್ತು ಮಾತ್ರ. ಹೀಗಾಗಿ ಬಾಯಿ ಒಣಗಿತು, ಮೂಗು ಕಟ್ಟಿತು, ಮಾಸ್ಕ್ ಒತ್ತಿತು ಎಂದು ಮೊದಲ ವಾರಗಳಲ್ಲೇ ಅದನ್ನು ಕಪಾಟಿಗೆ ಸೇರಿಸಿದವರು ಮರುಭೇಟಿಗೆ ಬರುವ ಹೊತ್ತಿಗೆ ಹಳೆಯ ಗೊರಕೆ, ಹಗಲಿನ ತೂಕಡಿಕೆ ಎರಡೂ ಮರಳಿರುತ್ತವೆ.

ಇಂದಿನ ಅನೇಕ ಯಂತ್ರಗಳು ಎಷ್ಟು ಗಂಟೆ ಬಳಕೆಯಾಯಿತು, ಮಾಸ್ಕಿನಿಂದ ಎಷ್ಟು ಗಾಳಿ ಸೋರಿತು, ಚಿಕಿತ್ಸೆಯ ನಡುವೆಯೂ ಗಂಟೆಗೆ ಎಷ್ಟು ಬಾರಿ ಉಸಿರಾಟಕ್ಕೆ ಅಡ್ಡಿಯಾಯಿತು ಎಂಬ ವಿವರಗಳನ್ನು ಮೊಬೈಲ್ ಜಾಲದ ಮೂಲಕ ಮರುದಿನವೇ ಆಸ್ಪತ್ರೆಗೆ ತಲುಪಿಸುತ್ತವೆ. ಸೋರಿಕೆ ಹೆಚ್ಚಿದ್ದರೆ ಮಾಸ್ಕಿನ ಅಳತೆ ಬದಲಿಸಬಹುದು, ಮೂಗು ಒಣಗುತ್ತಿದ್ದರೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಹೊಂದಿಸಬಹುದು, ಕೆಲವು ಯಂತ್ರಗಳಲ್ಲಿ ಒತ್ತಡವನ್ನೂ ದೂರದಿಂದಲೇ ತಿದ್ದಬಹುದು. ಮೊದಲ ದಿನಗಳಲ್ಲಿ ಬೀಳುವ ರೂಢಿಯೇ ಬಹುಮಟ್ಟಿಗೆ ಮುಂದೆಯೂ ಉಳಿಯುವುದರಿಂದ ಈ ತಿದ್ದುಪಡಿ ಆಗಲೇ ಆಗಬೇಕು.

ರಾತ್ರಿಗೆ ಕನಿಷ್ಠ 4 ಗಂಟೆಯಂತೆ ಶೇಕಡಾ 70ರಷ್ಟು ರಾತ್ರಿಗಳಲ್ಲಿ ಬಳಸಿದರೆ ಚಿಕಿತ್ಸೆಯನ್ನು ಪಾಲಿಸಿದಂತೆ ಎಂಬ ಅಳತೆ ಬಳಕೆಯಲ್ಲಿದೆ. ನಾನು ಅದನ್ನು ಗುರಿಯೆಂದು ಒಪ್ಪುವುದಿಲ್ಲ. ಮಲಗಿದಷ್ಟೂ ಹೊತ್ತು ಯಂತ್ರ ಬೇಕು. ಮಲ್ಪೆಯ ಮೀನು ವ್ಯಾಪಾರಿಯೊಬ್ಬರ ದಾಖಲೆಯಲ್ಲಿ ದಿನವೂ ನಸುಕಿಗೆ ಮೊದಲೇ ಬಳಕೆ ನಿಲ್ಲುತ್ತಿತ್ತು. ಕರೆ ಮಾಡಿ ಕೇಳಿದಾಗ, "ಮೂರು ಗಂಟೆಗೆ ಬಂದರಿಗೆ ಹೋಗ್ಲಿಕ್ಕುಂಟು ಡಾಕ್ಟ್ರೇ, ಬಾಕಿ ನಿದ್ದೆ ಮಧ್ಯಾಹ್ನ ಊಟ ಆದ ಮೇಲೆ" ಎಂದರು. ಮಧ್ಯಾಹ್ನದ ನಿದ್ದೆಗೂ ಮಾಸ್ಕ್ ಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಂಕಿ ತೋರಿಸಿದ್ದು ಬಳಕೆ ನಿಂತ ಹೊತ್ತನ್ನು ಮಾತ್ರ. ಕಾರಣ ತಿಳಿದದ್ದು ಮಾತಿನಿಂದ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಗಾಳಿ ಮಳೆಗೆ ಕರೆಂಟ್ ಹೋದ ರಾತ್ರಿಯೂ, ಬೇಸತ್ತು ಮಾಸ್ಕ್ ಕಿತ್ತಿಟ್ಟ ರಾತ್ರಿಯೂ ಪರದೆಯ ಮೇಲೆ ಒಂದೇ ರೀತಿ ಕಾಣಬಹುದು. ಮೊದಲನೆಯದಕ್ಕೆ ಬೇಕಾದದ್ದು ಇನ್ವರ್ಟರ್ ವ್ಯವಸ್ಥೆ, ಬುದ್ಧಿವಾದವಲ್ಲ.

ತಮ್ಮ ನಿದ್ದೆಯ ವಿವರ ಬೇರೆಯವರ ಕೈಸೇರುವುದು ಕೆಲವರಿಗೆ ಮುಜುಗರ ತರುತ್ತದೆ, ಅದು ಸಹಜವೂ ಹೌದು. ಏನೇನು ದಾಖಲಾಗುತ್ತದೆ, ಯಾರು ನೋಡುತ್ತಾರೆ ಎಂಬುದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು ವೈದ್ಯರ ಹೊಣೆ. ಕೊಳ್ಳುವವರೂ ಯಂತ್ರದ ಬೆಲೆಯ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಬೇಕು: ದಾಖಲೆಯನ್ನು ಪ್ರತಿ ವಾರ ನೋಡುವವರು ಯಾರು, ಮಾಸ್ಕ್ ತೊಂದರೆ ಕೊಟ್ಟರೆ ಯಾವ ನಂಬರಿಗೆ ಕರೆ ಮಾಡಬೇಕು.