ಕಾವಲು ದೇವತೆಯ ವಿವಾದ ಬೈಲಕುಪ್ಪೆ, ಮುಂಡಗೋಡಿಗೆ ಬಂದದ್ದು ಹೇಗೆ?

ಬೈಲಕುಪ್ಪೆಯಲ್ಲಿ ಸೆರಾ ಮಠವಲ್ಲದೆ ಸೆರ್ಪೊಮ್ ಎಂಬ ಇನ್ನೊಂದು ಮಠವಿದೆ. ಮುಂಡಗೋಡಿನಲ್ಲಿ ಗಾಂದೆನ್ ಜೊತೆಗೆ ಶಾರ್ ಗಾಂದೆನ್ ಇದೆ. ಟಿಬೆಟಿಯನ್ ಬೌದ್ಧರಲ್ಲಿ ದಲೈ ಲಾಮಾ ಸೇರಿದ ಗೆಲುಗ್ ಎಂಬ ಒಂದೇ ಪಂಥದ ಭಿಕ್ಷುಗಳು 2008ರಲ್ಲಿ ಹೀಗೆ ಪಾಲಾದದ್ದು ದೋರ್ಜೆ ಶುಗ್ದೆನ್ ಎಂಬ ಕಾವಲು ದೇವತೆಯನ್ನು ಪೂಜಿಸಬೇಕೇ ಬೇಡವೇ ಎಂಬ ಪ್ರಶ್ನೆಯ ಮೇಲೆ.

ಬೌದ್ಧರು ಶರಣು ಹೋಗುವುದು ಬುದ್ಧ, ಧರ್ಮ, ಸಂಘಕ್ಕೆ. ದೇವತೆಗಳು ಅದರ ಕಾವಲಿಗೆ ನಿಂತವರು. ಪಾಲಿಯ ಆಟಾನಾಟಿಯ ಸುತ್ತದಲ್ಲಿ ದಿಕ್ಕುಗಳ ನಾಲ್ವರು ರಾಜರು ಬುದ್ಧನ ಬಳಿ ಬರುತ್ತಾರೆ. ಕಾಡಿನಲ್ಲಿ ಧ್ಯಾನಿಸುವ ಭಿಕ್ಷುಗಳನ್ನು ಯಕ್ಷರ ಕಾಟದಿಂದ ಕಾಪಾಡುವ ರಕ್ಷಾಮಂತ್ರವನ್ನು ಅವರಲ್ಲೊಬ್ಬನಾದ ವೈಶ್ರವಣ ಒಪ್ಪಿಸುತ್ತಾನೆ. ಟಿಬೆಟಿಯನ್ ಮಠಗಳ ಬಾಗಿಲ ಪಕ್ಕದ ಗೋಡೆಯಲ್ಲಿ ಈಗಲೂ ಚಿತ್ರವಾಗಿ ನಿಂತಿರುವವರು ಈ ನಾಲ್ವರೇ.

ಟಿಬೆಟಿನಲ್ಲಿ ಈ ಕಾವಲಿಗೆ ಬೇರೆಯೇ ರೂಪ ಬಂತು. 8ನೇ ಶತಮಾನದಲ್ಲಿ ಸಾಮ್ಯೆ ಮಠ ಕಟ್ಟುವಾಗ ಅಲ್ಲಿನ ಬೆಟ್ಟ, ನೀರಿನ ದೈವಗಳು ಅಡ್ಡಿ ಮಾಡಿದವಂತೆ. ಭಾರತದಿಂದ ಹೋದ ತಾಂತ್ರಿಕ ಗುರು ಪದ್ಮಸಂಭವ ಅವನ್ನು ಓಡಿಸಲಿಲ್ಲ. ಪಳಗಿಸಿ, ಧರ್ಮವನ್ನು ಕಾಯುತ್ತೇವೆಂದು ಪ್ರಮಾಣ ಮಾಡಿಸಿದ ಎನ್ನುತ್ತದೆ ಪರಂಪರೆ. ಊರಿನ ನಂಬಿಕೆಯನ್ನು ಅಳಿಸದೆ ಧರ್ಮದ ಒಳಗೆ ಎಡೆ ಕೊಟ್ಟ ಆ ಜಾಣತನ ನನಗೆ ದೊಡ್ಡದಾಗಿ ಕಾಣುತ್ತದೆ.

ಹಾಗೆ ಪ್ರಮಾಣಕ್ಕೆ ಒಳಗಾದವನು ಪೇಹರ್ ಎಂಬ ದೈವ. ಅವನ ಪರಿವಾರದ ದೈವವೇ, ದಲೈ ಲಾಮಾ ಸಲಹೆ ಕೇಳುವ ನೆಚುಂಗ್ ಪಾತ್ರಿಯ ಮೈಮೇಲೆ ಬಂದು ನುಡಿ ಕೊಡುವುದು. ತುಳುನಾಡಿನ ಕೋಲ ನೋಡಿದವರಿಗೆ ಇದು ಅಪರಿಚಿತವಲ್ಲ. ಪಾತ್ರಿಯ ಉಡುಪು 30 ಕಿಲೋಗೂ ಹೆಚ್ಚು ಭಾರ. ದೈವ ಬರುವ ಮುನ್ನ ಅದನ್ನು ಹೊತ್ತು ನಡೆಯುವುದೇ ಕಷ್ಟ. ಆವೇಶ ಬಂದಮೇಲೆ ಅದೇ ಉಡುಪಿನಲ್ಲಿ ಕುಣಿಯುತ್ತಾರೆ. 1959ರ ಮಾರ್ಚ್ 17ರಂದು 'ಹೊರಡು, ಈ ರಾತ್ರಿಯೇ' ಎಂದು ನೆಚುಂಗ್ ನುಡಿಯಿತು. ದಲೈ ಲಾಮಾ ಅಂದೇ ಲಾಸಾ ಬಿಟ್ಟರು.

ಟಿಬೆಟಿಯನ್ನರು ಧರ್ಮಪಾಲರಲ್ಲಿ, ಅಂದರೆ ಈ ಕಾವಲು ದೇವತೆಗಳಲ್ಲಿ, ಲೌಕಿಕರು, ಬುದ್ಧತ್ವಕ್ಕೆ ಸೇರಿದ ಲೋಕೋತ್ತರರು ಎಂದು ಭೇದ ಮಾಡುತ್ತಾರೆ. ಲೌಕಿಕ ದೈವದಿಂದ ನೆರವು ಪಡೆಯಬಹುದು, ಅದಕ್ಕೆ ಶರಣು ಹೋಗುವಂತಿಲ್ಲ. ಶುಗ್ದೆನ್ ಜಗಳದ ಬೇರು ಇರುವುದು ಇಲ್ಲೇ. 17ನೇ ಶತಮಾನದಲ್ಲಿ, ಐದನೇ ದಲೈ ಲಾಮಾ ಕಾಲದಲ್ಲಿ, ತೀರಿಕೊಂಡ ದ್ರಕ್ಪಾ ಗ್ಯಾಲ್ತ್ಸೆನ್ ಎಂಬ ಲಾಮಾ ಶುಗ್ದೆನ್ ಆದರು ಎಂಬುದು ಕಥೆ. ಆರಾಧಕರ ಪಾಲಿಗೆ ಆತ ಜ್ಞಾನದ ಬೋಧಿಸತ್ವ ಮಂಜುಶ್ರೀಯ ಅವತಾರ. ವಿರೋಧಿಗಳ ಪಾಲಿಗೆ ಕೇಡು ಮಾಡುವ ಪ್ರೇತ. 20ನೇ ಶತಮಾನದ ಆರಂಭದಲ್ಲಿ ಪಬೊಂಗ್ಕಾ ಎಂಬ ಗೆಲುಗ್ ಲಾಮಾ ಈ ಪೂಜೆಯನ್ನು ಹರಡಿದರು. ಅವರ ಶಿಷ್ಯ ತ್ರಿಜಂಗ್ ರಿಂಪೋಛೆ ಇಂದಿನ ದಲೈ ಲಾಮಾ ಅವರ ಗುರು. ದಲೈ ಲಾಮಾ ಕೂಡ ಮೊದಲು ಶುಗ್ದೆನ್‌ಗೆ ಪೂಜೆ ಸಲ್ಲಿಸುತ್ತಿದ್ದವರೇ.

1970ರ ದಶಕದ ನಡುವೆ ಒಂದು ಪುಸ್ತಿಕೆ ಹೊರಬಂತು. ಟಿಬೆಟಿನ ಅತಿ ಹಳೆಯ ಬೌದ್ಧ ಪಂಥವಾದ ನ್ಯಿಂಗ್ಮಾದ ಸಾಧನೆ ಮಾಡಿದ ಗೆಲುಗ್ ಲಾಮಾಗಳನ್ನು ಶುಗ್ದೆನ್ ಶಿಕ್ಷಿಸಿದ ಕಥೆಗಳು ಅದರಲ್ಲಿದ್ದವು. ನ್ಯಿಂಗ್ಮಾದವರ ಆದಿಗುರು ಪದ್ಮಸಂಭವನೇ. ದೇಶ ಕಳೆದುಕೊಂಡು ಒಗ್ಗಟ್ಟಿಗಾಗಿ ಹೆಣಗುತ್ತಿದ್ದ ಜನರಿಗೆ ಇದು ಬಿರುಕಾಗಿ ಕಂಡದ್ದು ಸಹಜ. ದಲೈ ಲಾಮಾ ಪೂಜೆ ಬಿಟ್ಟರು. 1996ರಲ್ಲಿ, ಅದನ್ನು ಬಿಡದವರು ತಮ್ಮಿಂದ ದೀಕ್ಷೆ ಪಡೆಯಬಾರದು ಎಂದರು. 1997ರ ಫೆಬ್ರವರಿಯಲ್ಲಿ ಧರ್ಮಶಾಲಾದಲ್ಲಿ ಈ ಪೂಜೆಯನ್ನು ಟೀಕಿಸುತ್ತಿದ್ದ ವಿದ್ವಾಂಸ ಭಿಕ್ಷು ಗೆಶೆ ಲೋಬ್ಸಂಗ್ ಗ್ಯಾತ್ಸೊ ಮತ್ತು ಅವರ ಇಬ್ಬರು ಶಿಷ್ಯರ ಕೊಲೆಯಾಯಿತು. ಪೊಲೀಸರ ಶಂಕೆ ಆರಾಧಕರ ಮೇಲೆ ಹೋಯಿತು, ಅವರ ಸಂಘಟನೆಗಳು ಅಲ್ಲಗಳೆದವು.

2008ರ ಆರಂಭದಲ್ಲಿ ನಮ್ಮ ರಾಜ್ಯದ ಮಠಗಳಲ್ಲಿ ಭಿಕ್ಷುಗಳ ನಿಯಮಾವಳಿಯಾದ ವಿನಯದ ಹಳೆಯ ಪದ್ಧತಿಯಂತೆ ಕಡ್ಡಿ ಎತ್ತಿಸಿ, ಈ ಪೂಜೆಯನ್ನು ಬಿಡುವ ಬಗ್ಗೆ ಮತ ಕೇಳಲಾಯಿತು. ಒಪ್ಪದವರು ಹೊರಬಂದರು. ತಮಗೆ ಬಹಿಷ್ಕಾರ ಹಾಕಲಾಗಿದೆ ಎಂಬುದು ಅವರ ದೂರು. ದೇಶಭ್ರಷ್ಟ ಟಿಬೆಟಿಯನ್ ಆಡಳಿತ ಅದನ್ನು ನಿರಾಕರಿಸುತ್ತದೆ. ಪೂಜೆಯ ಬಗ್ಗೆ ದಲೈ ಲಾಮಾ ಕೊಟ್ಟ ಎಚ್ಚರಿಕೆ ನನಗೆ ಸರಿಯೆನಿಸುತ್ತದೆ. ಆದರೆ ಆ ಎಚ್ಚರಿಕೆಯ ಹೆಸರಿನಲ್ಲಿ ನೆರೆಯವರನ್ನು ದೂರವಿಟ್ಟಿದ್ದರೆ ಅದನ್ನು ಒಪ್ಪಲಾರೆ.

ಕಾವಲು ದೇವತೆಗಳ ಮಾತು ಇನ್ನು ಮುಂದೆಯೂ ಬರಲಿದೆ. ತಮ್ಮ ಪುನರ್ಜನ್ಮವನ್ನು ಗುರುತಿಸುವವರು ಪಂಥಗಳ ಮುಖ್ಯಸ್ಥರ ಜೊತೆಗೆ ಪ್ರಮಾಣಬದ್ಧ ಧರ್ಮಪಾಲರನ್ನೂ ಕೇಳಬೇಕು ಎಂದು ದಲೈ ಲಾಮಾ 2011ರಲ್ಲಿ ಬರೆದರು, 2025ರ ಜುಲೈನಲ್ಲಿ ಅದನ್ನೇ ಮತ್ತೆ ಹೇಳಿದರು.